ಅಂಟು

ಮೊದಲು ವಾಲ್ವಿನ ನಾಲಿಗೆ ಕಿತ್ತೆ.
ನಲವತ್ತನಾಲ್ಕು ಇಂಚಿನ ಟೈರು
ಕೊಟ್ಟಿಗೆಯ ಕಾಂಕ್ರೀಟಿನ ಮೇಲೆ ಅಂಗಾತ ಬಿದ್ದುಕೊಂಡು
ಬಹಳ ಹೊತ್ತು ಉಸ್ಸೆಂದಿತು,
ದೂರದಿಂದ ಬಂದು ಕೂತ ನೆಂಟ
ಬಂದ ಕಾರಣ ಹೇಳದೆ ಉಸ್ಸೆನ್ನುವ ಹಾಗೆ.

ಟೈರಂಗಡಿ ತೊಂಬತ್ತು ಕಿಲೋಮೀಟರು.
ಅವರ ಯಂತ್ರಕ್ಕೆ ಇಷ್ಟು ದೊಡ್ಡ ಬಾಯಿಲ್ಲ.
ಇದ್ದರೂ ಅಂಟು ಹಾಕಿದ ಚಕ್ರ ಮುಟ್ಟೆವು ಎಂದರು ಫೋನಿನಲ್ಲಿ.
ಯಾರು ಹಾಕಿದ್ದು, ಅಂತಲೂ ಕೇಳಿದರು.
ಲೈನು ಸರಿಯಿಲ್ಲ ಎಂದು ಇಟ್ಟುಬಿಟ್ಟೆ.

ಹಿಮದ ಮೇಲೆ ಓಡಬೇಕಾದರೆ ಟೈರು ಹೊಟ್ಟೆ ಬಿಟ್ಟು ಮಲಗಬೇಕು.
ಅದಕ್ಕೆ ಗಾಳಿ ಇಳಿಸುತ್ತೇವೆ, ಎರಡು ಪೌಂಡಿನವರೆಗೆ.
ಅಷ್ಟು ಸಡಿಲಾದದ್ದು ರಿಮ್ಮಿನಿಂದ ಜಾರಿಬಿಡುತ್ತದೆ,
ಅದಕ್ಕೇ ಅಂಟು.
ಇಲ್ಲಿ ಯಾರೂ ಇದನ್ನು ವಿವರಿಸುವುದಿಲ್ಲ,
ಹೊಲಿಗೆ ಗೊತ್ತಿದ್ದವರಿಗೆ ಗಂಟು ಹಾಕುವುದು ಹೇಳಿದಂತಾದೀತು.

ಥೋರ್ಕಟ್ಲಾ ಟ್ರ್ಯಾಕ್ಟರು ತಂದಳು.
ಅದರ ಹೊಟ್ಟೆಗೆ ಜಾಕಿನ ತಲೆ,
ಟೈರಿನ ತುಟಿಗೆ ಜಾಕಿನ ಪಾದ.
ಹಿಡಿ ಒತ್ತಿದೆ. ಒತ್ತಿದೆ. ಇನ್ನೂ ಒತ್ತಿದೆ.
ಟೈರು ಕದಲಲಿಲ್ಲ,
ಟ್ರ್ಯಾಕ್ಟರೇ ಎದ್ದಿತು.
ಒಂದು ಚಕ್ರ ಗಾಳಿಯಲ್ಲಿ, ಮೇಲೆ ಕೂತ ಥೋರ್ಕಟ್ಲಾ ಓರೆಯಾಗಿ,
ಮುಖದಲ್ಲಿ ನಗುವಿಲ್ಲ, ಭಯವೂ ಇಲ್ಲ:
"ಯಾರೋ ಮನಸ್ಸಿಟ್ಟು ಅಂಟಿಸಿದ್ದಾರೆ."

ಕಾದ ನೀರು, ಸೋಪು, ಮೀನು ಸೀಳುವ ಚಾಕು.
ತುಟಿಯಂಚಿಗೆ ಅದನ್ನು ತೂರಿಸುತ್ತ ಸುತ್ತ ನಡೆದೆ,
ಗಡಿಯಾರದ ಮುಳ್ಳಿಗಿಂತ ನಿಧಾನ.
ಎರಡನೇ ಸುತ್ತಿಗೆ ಕೈ ಬೊಬ್ಬೆ,
ನಾಲ್ಕನೆಯದಕ್ಕೆ
ಢಂ!
ಹೊರಗೆ ಕುರಿಗಳೆಲ್ಲ ಒಟ್ಟಿಗೆ ತಲೆಯೆತ್ತಿದವು.
ನಾಯಿ ಮಾತ್ರ ಬೊಗಳಿತು, ತನ್ನ ಕರ್ತವ್ಯವೆಂದು, ಒಂದೇ ಸಲ.

ಆಮೇಲಿನದು ಕುಸ್ತಿ.
ರಿಮ್ಮಿನ ನಡುತಗ್ಗಿಗೆ ಒಂದು ಕಡೆ ಮಂಡಿಯಿಂದ ತುಳಿದಿರಬೇಕು,
ಎದುರು ಕಡೆ ಸಲಾಕೆ ಹಾಕಿ ಮೀಟಬೇಕು.
ಮಂಡಿ ಎತ್ತಿದರೆ ಗಳಿಸಿದ್ದೆಲ್ಲ ಹೋಯಿತು.
ಎತ್ತಿದೆ. ಹೋಯಿತು.
ಹತ್ತೊಂಬತ್ತು ವರ್ಷದ ರಕ್ಷಣಾ ತಂಡದ ಅನುಭವದಲ್ಲಿ
ಕಲಿತ ಬೈಗುಳವೆಲ್ಲ ಖರ್ಚಾದ ಮೇಲೆ
ಮೂರನೇ ಸಲಾಕೆಗೆ ಅದು ಬಾಯಿ ಬಿಟ್ಟಿತು.

ಒಳಗೆ ಒಂದು ಚಮಚ ನೀರು.
ಕಂಪ್ರೆಸರು ನುಂಗಿದ ತೇವ, ಅಷ್ಟೇ.
ಆದರೆ ಕೊನೆಯ ಸಲ ಗಾಳಿ ತುಂಬಿದ್ದು ಹಿಮನದಿಯ ನೆತ್ತಿಯಲ್ಲಿ,
ಮೂರು ಚಳಿಗಾಲದ ಹಿಂದೆ,
ದಾರಿ ತಪ್ಪಿದ ಇಬ್ಬರು ಜರ್ಮನ್ನರನ್ನು ಕಂಬಳಿಯಲ್ಲಿ ಸುತ್ತಿ ತಂದ ರಾತ್ರಿ.
ಹಿಂತಿರುಗೋಣ ಎಂದಿದ್ದೆ ನಾನು.
ಇನ್ನೊಂದು ಗುಡ್ಡ ನೋಡೋಣ ಎಂದಿದ್ದ ಗ್ರಿಮ್ಕೆಲ್.
ಸಿಕ್ಕಿದ್ದು ಆ ಇನ್ನೊಂದು ಗುಡ್ಡದ ಹಿಂದೆ.
ಅವನದು ಸರಿಯಿತ್ತು, ಅದನ್ನು ಅವನು
ಎಲ್ಲರೆದುರು ಎರಡು ಸಲ ಹೇಳಬಾರದಿತ್ತು.
ಚಿಕ್ಕ ಮಕ್ಕಳ ಹಾಗೆ ಟೂ ಬಿಟ್ಟೆವು,
ಒಬ್ಬನಿಗೆ ಐವತ್ತೆರಡು, ಇನ್ನೊಬ್ಬನಿಗೆ ಅರವತ್ತು.

ನಾಯಿ ಬಂದು ಆ ನೀರು ನೆಕ್ಕಿತು.
ಮುಖ ಸಿಂಡರಿಸಿ ಹೋಯಿತು.

ವೈರ್ ಬ್ರಷ್ಷು ಹಿಡಿದು ರಿಮ್ಮು ತಿಕ್ಕಲು ಕೂತಾಗ
ಒಣಗಿದ ಕರಿ ಅಂಟಿನಲ್ಲಿ ಕಂಡದ್ದು
ಹೆಬ್ಬೆಟ್ಟು.
ಸುಳಿಸುಳಿ ಗೆರೆ, ನಡುವೆ ಅಡ್ಡ ಸೀಳಿದ ಕಲೆ.
ಡಬ್ಬಿ ಮುಚ್ಚಳ ತಗುಲಿದ ಆ ಗಾಯಕ್ಕೆ
ಬಟ್ಟೆ ಕಟ್ಟಿದವನು ನಾನೇ.
ಅಂಟುನಂಟು ಎನ್ನುವುದುಂಟು;
ಎರಡರಲ್ಲಿ ಒಂದು ಹಿಡಿದಿತ್ತು.

ತಿಕ್ಕಿದೆ. ತಿಕ್ಕದಿದ್ದರೆ ಹೊಸ ಟೈರು ಕೂರುವುದಿಲ್ಲ.
ಕರಿ ಪುಡಿ ಉದುರಿ ಮಂಡಿ ತುಂಬ ಬಿತ್ತು.

"ಅಂಟು ಹಚ್ಚಿದ ಮೇಲೆ ಏಳು ನಿಮಿಷ,
ಅಷ್ಟರೊಳಗೆ ಒತ್ತಿ ಹಿಡಿಯಲು ಇನ್ನೊಂದು ಜೊತೆ ಕೈ ಬೇಕು,"
ಎಂದಳು ಥೋರ್ಕಟ್ಲಾ, ಟ್ರ್ಯಾಕ್ಟರು ಹತ್ತುತ್ತ.
"ನನ್ನದು ಲೆಕ್ಕಕ್ಕಿಲ್ಲ, ಕುರಿ ಈಯುವ ಹೊತ್ತು."

ನದಿಯಾಚೆ ಅವನ ಕೊಟ್ಟಿಗೆಯ ದೀಪ ಹತ್ತಿತು.
ಡಬ್ಬಿಯ ಮುಚ್ಚಳ ತೆಗೆದೆ,
ಮತ್ತೆ ಹಾಕಿದೆ.